ಗುಡಿಸದೆ ಬಿಟ್ಟ ಹಿತ್ತಲು

ಟ್ಯಾಂಕಿನ ನೀರು ಮತ್ತೆ ಮುಗಿದಿತ್ತು. ಪೈಪು ಬುಸ್ಸೆಂದು ಗಾಳಿ ಉಗುಳಿ ಸುಮ್ಮನಾಯಿತು. ಕ್ಷೌರಿಕ ಅದನ್ನು ಎಸೆದು ಹಿತ್ತಲ ಮೆಟ್ಟಿಲ ಮೇಲೆ ಕೂತ. ನಡುಮಧ್ಯಾಹ್ನ. ಎದುರಿಗೆ ಅವನೇ ಹಾಕಿಸಿದ ಹುಲ್ಲುಹಾಸು ಹಳದಿಗೆ ತಿರುಗಿತ್ತು. ಅದರ ನಡುವೆ ಹೆಂಡತಿಯ ಮಲ್ಲಿಗೆ ಗಿಡ ಎಲೆ ಇಳಿಬಿಟ್ಟು ನಿಂತಿತ್ತು.

ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ಅವಳು ತವರಿಗೆ ಹೋಗಿ ಎಷ್ಟೋ ತಿಂಗಳಾಗಿತ್ತು. ಮಲ್ಲಿಗೆಯ ಕಡ್ಡಿಯೂ ಆ ತವರಿನ ಅಂಗಳದಿಂದಲೇ ಬಂದದ್ದು. ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು: "ಇದೊಂದನ್ನ ನೋಡ್ಕೊಳ್ಳಿ." ಇವನು ಸುಮ್ಮನಿರಬೇಕಲ್ಲ? ಅವಳು ಬಂದಾಗ ಬೆರಗಾಗಲಿ ಅಂತ ಹಿತ್ತಲ ತುಂಬ ಹುಲ್ಲು ಹಾಕಿಸಿದ.

ಗೋಡೆಯಾಚೆಯಿಂದ ಪಕ್ಕದ ಮನೆ ವಿಜ್ಞಾನದ ಟೀಚರ್ ಇಣುಕಿದರು. ಅವನ ಹೆಂಡತಿಗೆ ಅಕ್ಕನಂಥವರು.

"ಏನಪ್ಪಾ, ಹುಲ್ಲಿಗೆ ಶೇವಿಂಗ್ ಮಾಡಿದ್ದೀಯಾ?"

"ಕಟಿಂಗ್, ಟೀಚರ್. ನೀಟಾಗಿರ್ಲಿ ಅಂತ."

"ಬುಡದ ತನಕ ಬೋಳಿಸೋದು ಕಟಿಂಗಾ? ನಮ್ಮ ಮರದಿಂದ ಉದುರಿದ ಎಲೆಯೆಲ್ಲ ಎಲ್ಲಿ?"

"ಗುಡಿಸಿ ಸುಟ್ಟೆ. ನೆಲದ ಮೇಲೆ ಏನಾದ್ರೂ ಬಿದ್ದಿದ್ರೆ ನನ್ನ ಕೈ ಸುಮ್ನಿರಲ್ಲ."

ಅದು ನಿಜ. ಅಂಗಡಿಯಲ್ಲಿ ಒಂದು ತಲೆಯ ಕೂದಲು ಗುಡಿಸದೆ ಇನ್ನೊಂದು ತಲೆ ಮುಟ್ಟುವವನಲ್ಲ. ಅದೇ ಚಾಳಿ ಹಿತ್ತಲಿಗೂ ಬಂದಿತ್ತು.

"ತಲೆ ಬೋಳಿಸಿಕೊಂಡವರು ಬಿಸಿಲಿಗೆ ಹೊರಟ್ರೆ ಏನು ಹೇಳ್ತೀಯ?"

"ಬಟ್ಟೆ ಹೊದ್ಕೊಳ್ಳಿ ಅಂತೀನಿ."

"ಮತ್ತೆ ಈ ನೆಲಕ್ಕೆ ಯಾರು ಹೊದಿಸ್ತಾರೆ? ಒಣ ಎಲೆಯೇ ಅದರ ಹೊದಿಕೆ. ಅದಿದ್ರೆ ತೇವ ಆರಲ್ಲ."

"ಕಸ ಹೊದಿಸಿದ್ರೆ ಹುಳ ಬರುತ್ತೆ. ನಿಮ್ಮ ಪಾಠ ಮಕ್ಕಳಿಗಿರ್ಲಿ, ಟೀಚರ್. ದಿನಾ ಟ್ಯಾಂಕ್ ಖಾಲಿ ಆಗೋವಷ್ಟು ನೀರು ಹಾಕ್ತಿಲ್ವಾ ನಾನು?"

"ಉರಿಬಿಸಿಲಲ್ಲಿ ಎರಚಿದ ನೀರನ್ನ ಗಾಳಿ ಕುಡೀತು, ಹುಲ್ಲು ಕುಡೀತು. ಮಲ್ಲಿಗೆಗೆ ಏನು ಉಳೀತು? ಬುಡಕ್ಕೆ ಬೆರಳು ಹಾಕಿ ನೋಡು."

ಅವನು ಸಿಡುಕುತ್ತಲೇ ಎದ್ದು ಬೆರಳು ಹಾಕಿದ. ಮೇಲೆ ಮಾತ್ರ ಒದ್ದೆ. ಕೆಳಗೆ ಬರೀ ಧೂಳು. ಅವನ ದನಿ ಇಳಿಯಿತು.

"ದಿನಾ ಫೋನಲ್ಲಿ ಕೇಳ್ತಾಳೆ. ಚೆನ್ನಾಗಿದೆ ಅಂತಲೇ ಹೇಳ್ತಾ ಬಂದಿದ್ದೀನಿ. ಇದು ಹೋದ್ರೆ ಅವಳ ಮುಖ ಹೆಂಗೆ ನೋಡ್ಲಿ?"

ಟೀಚರ್ ಬೈಯಲಿಲ್ಲ. ಒಂದು ಚೀಲ ಒಣ ಎಲೆ ಗೋಡೆ ದಾಟಿಸಿದರು.

ಅವನು ಹುಲ್ಲು ಕಿತ್ತ. ಮಲ್ಲಿಗೆಗೆ ಪಾತಿ ಮಾಡಿ, ಕಾಂಡಕ್ಕೆ ತಾಗದ ಹಾಗೆ ದಪ್ಪಗೆ ಎಲೆ ಹೊದಿಸಿದ. ಅಕ್ಕಿ, ತರಕಾರಿ ತೊಳೆದ ನೀರನ್ನು ಬೆಳಗಿನ ತಂಪಿನಲ್ಲಿ ಬುಡಕ್ಕೇ ಹಾಕಿದ. ಹುಲ್ಲಿದ್ದ ಜಾಗದಲ್ಲಿ ಬಿಸಿಲು ತಡೆಯುವ ಊರಿನ ಗಿಡಗಳನ್ನೇ ನೆಟ್ಟ. ಗುಡಿಸಲು ಕೈ ತುರಿಸುತ್ತದೆ ಅಂತ ಹಿತ್ತಲ ಪೊರಕೆಯನ್ನು ಅಂಗಡಿಗೆ ಒಯ್ದಿಟ್ಟ. ಟ್ಯಾಂಕಿನಲ್ಲಿ ಸಂಜೆಗೂ ನೀರು ಉಳಿಯತೊಡಗಿತು.

ಕೆಲವು ವಾರ ಕಳೆದು ಒಂದು ಸಂಜೆ ಎಲೆ ಸರಿಸಿ ಬೆರಳು ಹಾಕಿದ. ಮಣ್ಣು ತಣ್ಣಗಿತ್ತು. ಮಲ್ಲಿಗೆಯ ಗೆಣ್ಣಿನಲ್ಲಿ ಹಸಿರು ಚಿಗುರು. ಆಗಲೇ ಫೋನ್ ಬಂತು.

"ಗಿಡ ಹೇಗಿದೆ ರೀ?"

"ಒಣಗ್ತಾ ಇತ್ತು ಕಣೇ. ನಿನಗೆ ಸುಳ್ಳು ಹೇಳಿದ್ದೆ. ಇವತ್ತು ಚಿಗುರಿದೆ."

ಆ ಕಡೆಯಿಂದ ಅತ್ತೆಯ ಕೆಮ್ಮು ಕೇಳಿಸಿತು.

"ಹಿತ್ತಲ ತುಂಬ ಎಲೆ ಬಿದ್ದಿದೆ. ನಾನು ಗುಡಿಸ್ತಿಲ್ಲ," ಅಂದ.

"ನೀವಾ?" ಅವಳು ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು. "ಅದನ್ನ ನಾನು ಕಣ್ಣಾರೆ ನೋಡ್ಬೇಕು."

"ಯಾವಾಗ ಬರ್ತೀಯ?"

"ಅಮ್ಮ ಎದ್ದು ಕೂರ್ಲಿ."

ಫೋನ್ ಇಟ್ಟು ಅವನು ಮೆಟ್ಟಿಲ ಮೇಲೆ ಕೂತ. ಅವಳು ಕೂರುತ್ತಿದ್ದ ಜಾಗಕ್ಕೆ ಗಾಳಿ ಒಂದು ಎಲೆ ತಂದು ಹಾಕಿತು. ಅವನು ಅದನ್ನೆತ್ತಿ ಮಲ್ಲಿಗೆಯ ಬುಡಕ್ಕಿಟ್ಟ.

ಟ್ಯಾಂಕ್ ಬರಿದಾಯಿತೆಂದು ಆಕಾಶಕ್ಕೆ ಬೈಯುವವರೇ, ಮೊದಲು ನಿಮ್ಮ ಗಿಡದ ಬುಡಕ್ಕೆ ಬೆರಳು ಹಾಕಿ ನೋಡಿ. ಮಧ್ಯಾಹ್ನ ಪೈಪು ಮುಟ್ಟಬೇಡಿ. ಉದುರಿದ ಎಲೆ ಸುಡಬೇಡಿ, ನೆಲಕ್ಕೆ ಹೊದಿಸಿ. ನಿಮ್ಮನ್ನು ನಂಬಿ ಯಾರೋ ಬಿಟ್ಟುಹೋದ ಗಿಡ ನಿಮ್ಮ ಹಿತ್ತಲಲ್ಲೂ ಇದ್ದೀತು. ಅವರು ಬರುವ ತನಕ ಅದು ಬದುಕಿರಲಿ.