ಪರವಾನಗಿ ಇಲ್ಲದ ಗೋಡೆ

ಹಣಮಂತ ಹಾರೆಯನ್ನು ಕುಣಿಯ ಅಂಚಿಗೆ ನೆಟ್ಟು, ಕಾಲು ಅಗಲಿಸಿ ಅಡ್ಡ ನಿಂತುಬಿಟ್ಟ. ಹೆಣ ಹೊತ್ತವರು ಬದುವಿನ ಮೇಲೇ ನಿಂತರು. ಭಜನೆಯ ತಾಳಗಳು ಒಂದೊಂದಾಗಿ ಸುಮ್ಮನಾದವು.

"ಇಂವನ್ನ ಇಳಿಸಗೊಡಾಂಗಿಲ್ಲ," ಎಂದ. "ನನ್ನ ತಮ್ಮ ವಿಜಯನ್ನ ಗ್ವಾಡಿ ಬುಡಕ ಬಿಟ್ಟ ಓಡಿ ಬಂದೇನಿ ಅಂತ ಇಂವ ಬದಕಿದ್ದಾಗ ಒಪ್ಪಲಿಲ್ಲ. ಇವನ ಮನ್ಯಾವರರ ಒಪ್ಪಲಿ. ಆಮ್ಯಾಲ ಮುಚ್ಚರಿ."

ಮರದ ಕುರ್ಚಿಗೆ ಬಿಗಿದು ಕೂಡಿಸಿದ್ದ ಶಿದ್ರಾಮಪ್ಪ ಮೇಸ್ತ್ರಿಯ ಹೆಣದ ಹಣೆ ತುಂಬ ವಿಭೂತಿ, ಕೊರಳ ತುಂಬ ಸೇವಂತಿಗೆ. ಕೈ ಎರಡೂ ಶಾಲಿನೊಳಗಿದ್ದವು. ಊರು ತನ್ನ ಹೆಸರಿನಲ್ಲಿ ಜಗಳವಾಡುತ್ತಿದ್ದರೂ ಅವನು ಬಾಯಿ ಬಿಡಲಿಲ್ಲ. ಬದುಕಿದ್ದಾಗಲೂ ಬಿಟ್ಟಿರಲಿಲ್ಲ ಬಿಡಿ.

ಸತ್ತವನ ತಮ್ಮ ಬಸಗೊಂಡಪ್ಪ ಕುರ್ಚಿಯ ಕಾಲನ್ನು ಇನ್ನೊಬ್ಬನಿಗೆ ದಾಟಿಸಿ ಮುಂದೆ ಬಂದ. "ಬಡದ ಬಡದ ಹಾಸಗಿ ಹಿಡಿಸಿದಾಂವ ನೀನ. ಈಗ ಹೆಣಾನೂ ತಡೀತಿ ಏನಲೇ?"

"ಬಡದೇನಿ. ಇಲ್ಲ ಅಂದೇನೇನ?"

ಇಲ್ಲ ಎನ್ನುವ ಹಾಗೂ ಇರಲಿಲ್ಲ. ಶ್ರಾವಣದಲ್ಲಿ, ಸಾಬಣ್ಣನ ಕಿರಾಣಿ ಅಂಗಡಿಯ ಮುಂದೆ, ಹಾಡಹಗಲೇ ಬಡಿದಿದ್ದ. ಮೇಸ್ತ್ರಿ ಎರಡೂ ಕೈಗೆ ಬಿಳಿ ಪಟ್ಟಿ ಕಟ್ಟಿಕೊಂಡು ಬಸ್ಸು ಇಳಿದಿದ್ದ. "ಈ ನಾಟಕ ಯಾರ ಮುಂದ ಮಾಡ್ತಿ?" ಎಂದು ಹಣಮಂತ ಅವನನ್ನು ಕೆಡವಿ, ಪಟ್ಟಿ ಕಟ್ಟಿದ ಕೈಗಳ ಮೇಲೆಯೇ ಬೂಟುಗಾಲಿನಿಂದ ನಿಂತು ತುಳಿದಿದ್ದ. ಎದೆಗೆ ಒದ್ದಾಗ ಪಕ್ಕೆಲುಬು ಮುರಿದ ಸದ್ದು ಅಂಗಡಿಯ ಒಳಗಿನವರೆಗೆ ಕೇಳಿತ್ತು. ಆಗ ಬಿಡಿಸದೆ ಮೊಬೈಲಿನಲ್ಲಿ ಚಿತ್ರ ಹಿಡಿದವರೆಲ್ಲ ಈ ಹೊತ್ತು ಬಿಳಿ ಅಂಗಿ ತೊಟ್ಟು ಮಣ್ಣಿಗೆ ಬಂದಿದ್ದರು. ನಾಚಿಕೆ ಎಂಬುದು ಒಂದಿಷ್ಟಾದರೂ ಬೇಡವೆ?

*

ಈ ಚಿಮ್ಮಡ ಊರಿನಲ್ಲಿ ಅರ್ಧಕ್ಕರ್ಧ ಗಂಡಸರು ಗೌಂಡಿಗಳು. ಅವರು ಮನೆ ಕಟ್ಟುವುದು ಮಾತ್ರ ಕರಾವಳಿಯಲ್ಲಿ. ಅಲ್ಲಿಯ ಊರೊಂದರಲ್ಲಿ ಮನೆ ಕಟ್ಟುವ ಪರವಾನಗಿ ಹೆಚ್ಚು ಬಿಟ್ಟ ವರ್ಷ ಇಲ್ಲಿ ಮನೆಗಳ ತಗಡು ಹೋಗಿ ಸ್ಲ್ಯಾಬು ಏರುತ್ತಿತ್ತು, ಮದುವೆ ನಿಶ್ಚಯಗಳು ಕೂಡಿ ಬರುತ್ತಿದ್ದವು. ಬನಹಟ್ಟಿಯ ಸೀರೆ ವ್ಯಾಪಾರಿಗಳು ಕೂಡ ನೂಲು ತರಿಸುವ ಮೊದಲು ಶಿದ್ರಾಮಪ್ಪನಿಗೆ ಫೋನು ಹಚ್ಚಿ, "ಕಡಲ ಕಡೆ ಹೆಂಗೈತ್ರಿ ಮೇಸ್ತ್ರಿ? ಪರವಾನಗಿ ಬಿಡಾಕತ್ತಾರೇನ್ರಿ?" ಎಂದು ಕೇಳುತ್ತಿದ್ದರು. ಸಮುದ್ರವನ್ನೇ ನೋಡದ ಮುದುಕಿಯರು ಸಹ ಪರವಾನಗಿಯ ಸುದ್ದಿ ಕೇಳಿಯೇ ಸೊಸೆಗೆ ಸೀರೆ ಆರಿಸುತ್ತಿದ್ದರು.

ಹೋದ ವರ್ಷ ಕಡಲ ದಂಡೆಯಿಂದ ಇಷ್ಟು ದೂರದೊಳಗೆ ಕಟ್ಟಬಾರದೆಂಬ ತಕರಾರು ಎದ್ದು ಪರವಾನಗಿ ನಿಂತಿತು. ಊರ ಗೌಂಡಿಗಳು ಕೆಲಸವಿಲ್ಲದೆ ಕಟ್ಟೆಗೆ ಕೂತರು. ಲೋಕಾಪುರದ ಹುಡುಗಿಯೊಂದಿಗೆ ಆಗಿದ್ದ ವಿಜಯನ ನಿಶ್ಚಯ ಮುರಿಯುವ ಹಂತಕ್ಕೆ ಬಂತು.

"ಮೇಸ್ತ್ರಿ, ಪರವಾನಗಿ ಕಾಗದ ತಿನ್ನಾಕ ಬರ್ತೈತೇನ್ರಿ?" ಎಂದ ವಿಜಯ. "ಹೆಂಗರ ಇರಲಿ, ಕೆಲಸ ಹಿಡೀರಿ."

ಶಿದ್ರಾಮಪ್ಪ ಹಿಡಿದ. ಗುಡ್ಡ ಕಡಿದು ಮನೆ ಎಬ್ಬಿಸುತ್ತಿದ್ದ ಸಾಹುಕಾರನೊಬ್ಬನ ಹಿತ್ತಿಲ ಗೋಡೆ. ಪರವಾನಗಿ ಇಲ್ಲ, ಆದ್ದರಿಂದ ತಪಾಸಣೆಗೆ ಬರುವವರೂ ಇಲ್ಲ. ಪಾಯ ಸಾಲದೆಂದು ಮೇಸ್ತ್ರಿ ಹೇಳಿದ. ಸಾಹುಕಾರ ನಕ್ಕ.

ಗೋಡೆ ಬಿದ್ದಾಗ ವಿಜಯ ಅದರ ಬುಡದಲ್ಲಿದ್ದ. ಪೊಲೀಸರು ಬಂದಾರೆಂದು ಉಳಿದ ಗೌಂಡಿಗಳೆಲ್ಲ ಕಾಲಿಗೆ ಬುದ್ಧಿ ಹೇಳಿದರು. ಶಿದ್ರಾಮಪ್ಪನೊಬ್ಬನೇ ನಿಂತ. ಸಲಿಕೆ ಹಾಕಿದರೆ ಹುಡುಗನ ಮುಖಕ್ಕೆ ತಾಗೀತೆಂದು ಅದನ್ನು ಬಿಸಾಡಿ, ಕಲ್ಲು ಮಣ್ಣನ್ನೆಲ್ಲ ಕೈಯಿಂದಲೇ ಕೆದರಿದ. ಉಗುರು ಕಿತ್ತು ಬಂದವು, ಕೆದರಿದ. ಎಲುಬು ಕಂಡಿತು, ಕೆದರಿದ. ವಿಜಯ ಸಿಕ್ಕಾಗ ಬಾಯಿ ತುಂಬ ಮಣ್ಣಿತ್ತು.

ಓಡಿದವರು ಊರು ಮುಟ್ಟಿ, ಮೇಸ್ತ್ರಿಯೇ ಮೊದಲು ಓಡಿದ ಎಂದರು. ಹೊಡೆತ ತಿಂದ ಶಿದ್ರಾಮಪ್ಪ ಹಾಸಿಗೆಯಲ್ಲಿ ಬಿದ್ದು ನರಳುವಾಗ ಹೆಂಡತಿ ಶಿವಗಂಗವ್ವ, "ಇದ್ದದ್ದ ಹೇಳರಿ," ಎಂದು ಅಂಗಲಾಚಿದಳು.

"ಆ ಕೆಲಸಕ್ಕ ಕರ್ಕೊಂಡ ಹೋದಾಂವ ನಾನ," ಎಂದ ಅವನು. "ಓಡಿದ್ರೇನ, ಕೆದರಿದ್ರೇನ? ಹುಡುಗ ಬರ್ತಾನೇನ? ನೀನೂ ಎಲ್ಲೂ ಬಾಯಿ ಬಿಡಬ್ಯಾಡ, ನನ್ನ ಆಣಿ ಐತಿ."

*

"ಕಡಲ ಕಡೆ ಮತ್ತ ಪರವಾನಗಿ ಬಿಟ್ಟಾರಂತ," ಎಂದು ಜನರ ನಡುವೆ ಸಾಬಣ್ಣ ಪಿಸುಗುಟ್ಟಿದ. "ಕರ್ಕೊಂಡ ಹೋಗಾಂವ ನೋಡಿದ್ರ ಇಲ್ಲಿ ಕುಂತಾನ."

ಅಷ್ಟರಲ್ಲಿ ಬಸಗೊಂಡಪ್ಪನ ಮುಷ್ಟಿ ಹಣಮಂತನ ದವಡೆಗೆ ಬಿತ್ತು. ಹಣಮಂತ ರಕ್ತ ಉಗುಳಿ ಹಾರೆ ಬೀಸಿದ. ಅದು ಬಸಗೊಂಡಪ್ಪನ ಭುಜಕ್ಕೆ ಬಡಿದು ಎಲುಬು ಲಟಕ್ಕೆಂದಿತು. ಆದರೂ ಅವನು ಬಿಡಲಿಲ್ಲ. ಹಣಮಂತನ ಕೊರಳಿಗೆ ಜೋತುಬಿದ್ದು, "ನಿನ್ನ ಇಲ್ಲೇ ಹುಗೀತೇನಿ," ಎಂದ. ಇಬ್ಬರೂ ಕಚ್ಚಾಡುತ್ತ ಅಂಚಿಗೆ ಉರುಳಿದರು.

ಮೇಸ್ತ್ರಿಯ ಕೈಕೆಳಗಿನ ಗೌಂಡಿಗಳು ಯಾರೂ ಕುಣಿ ಅಗೆಯಲು ಬಂದಿರಲಿಲ್ಲ. ಅಗೆದವರು ಬನಹಟ್ಟಿಯ ಬೀಗರು, ಮಗ್ಗ ಓಡಿಸುವವರು. ಎತ್ತಿದ ಎರೆಮಣ್ಣನ್ನೆಲ್ಲ ಅಂಚಿಗೇ ಗುಡ್ಡೆ ಹಾಕಿದ್ದರು. ಗೌಂಡಿಯಾದವನು ಸತ್ತರೂ ಹಾಗೆ ಮಾಡುತ್ತಿರಲಿಲ್ಲ.

ಅಂಚು ಕುಸಿಯಿತು. ಇಬ್ಬರೂ ಒಳಗೆ ಬಿದ್ದರು, ಗುಡ್ಡೆ ಅವರ ಮೇಲೆ ಬಿತ್ತು. ಹಣಮಂತನ ತಲೆ ಮಣ್ಣಿನ ಮೇಲೆ ಬಂತು. ಬಸಗೊಂಡಪ್ಪ ಕಾಣಲೇ ಇಲ್ಲ.

ಯಾರೋ ಸಲಿಕೆ ಹಿಡಿದು ಇಳಿಯಲು ಬಂದರು.

"ಸಲಿಕಿ ಬ್ಯಾಡ!" ಹಣಮಂತ ಚೀರಿದ. "ತಲಿಗೆ ಬಡದೀತು!"

ಅವನು ನಾಯಿಯ ಹಾಗೆ ಎರಡೂ ಕೈಯಿಂದ ಕೆದರಿದ. ಮಣ್ಣಿನೊಳಗಿನ ಗರಸು ಕಲ್ಲು ಬೆರಳು ಸೀಳಿತು. ಕೂದಲು ಸಿಕ್ಕಿತು, ಆಮೇಲೆ ಹಣೆ, ಮೂಗು. ಬಸಗೊಂಡಪ್ಪ ಮಣ್ಣು ಕಾರಿಕೊಂಡು ಉಸಿರೆಳೆದ. ಮೇಲಿದ್ದವರು ಅವನನ್ನು ಎಳೆದುಕೊಂಡರು. ಹಣಮಂತ ಏದುಸಿರು ಬಿಡುತ್ತ ಕುಣಿಯೊಳಗೇ ಉಳಿದ.

ಹೆಣವನ್ನು ಕೆಳಗೆ ನಿಂತು ಎದೆಗೊಟ್ಟು ಹಿಡಿದು, ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂಡಿಸಲು ಮನೆಯವನೊಬ್ಬ ಬೇಕು. ತಮ್ಮ ಬಸಗೊಂಡಪ್ಪನ ಭುಜ ಮುರಿದಿತ್ತು.

"ಒಳಗಿದ್ದಾಂವನ ಹಿಡೀಲಿ. ಇಳಸರಿ," ಎಂದಳು ಶಿವಗಂಗವ್ವ.

"ಯವ್ವಾ, ಬಡದಾಂವನ ಕೈಯಾಗ ಕೊಡತಿ ಏನ?" ಎಂದು ಸಾಬಣ್ಣ ಹೌಹಾರಿದ.

ಅವಳು ಕುಣಿಯ ಅಂಚಿಗೆ ಬಂದು ಬಗ್ಗಿದಳು. "ಹಣಮಂತ, ನನ್ನ ಕೇಳಬ್ಯಾಡ. ನನಗ ಅವರ ಆಣಿ ಐತಿ. ಅವರ ಕೈ ನೋಡ."

ಕುರ್ಚಿಯ ಹಗ್ಗ ಬಿಚ್ಚಿದರು. ಹೆಣ ನಿಧಾನವಾಗಿ ಇಳಿದು ಹಣಮಂತನ ಎದೆಗೆ ಒರಗಿತು. ಶಾಲು ಜಾರಿ, ಬಲಗೈ ಅವನ ಮುಂಗೈಯ ಮೇಲೆ ಬಂದು ನಿಂತಿತು. ಎರಡು ಬೆರಳು ಸೊಟ್ಟಗಿದ್ದವು, ಅವು ಬೂಟುಗಾಲಿನ ಕೆಲಸ. ಆದರೆ ಐದರಲ್ಲಿ ಒಂದಕ್ಕೂ ಉಗುರಿರಲಿಲ್ಲ. ಉಗುರಿನ ಜಾಗದಲ್ಲಿ ಕರಿ ಚರ್ಮ ಕಟ್ಟಿತ್ತು, ಅದರ ಸಂದಿನಲ್ಲಿ ಇನ್ನೂ ಕರಾವಳಿಯ ಕೆಮ್ಮಣ್ಣು.

ಹಣಮಂತ ಅದರ ಪಕ್ಕದಲ್ಲೇ ಇದ್ದ ತನ್ನ ಕೈ ನೋಡಿದ. ನಡುಬೆರಳಿನ ಉಗುರು ಕಿತ್ತು ಜೋತಾಡುತ್ತಿತ್ತು. ರಕ್ತ ಹನಿ ಹನಿಯಾಗಿ ಮೇಸ್ತ್ರಿಯ ಬೆರಳ ಮೇಲೆ ಬೀಳುತ್ತಿತ್ತು.

"ಕೂಡಸಪಾ, ಹೊತ್ತಾತು," ಎಂದು ಮೇಲಿಂದ ಮಣ್ಣಿನ ವಿಧಿ ಮಾಡಿಸಲು ಬಂದ ಅಯ್ಯನವರು ಕೂಗಿದರು.

ಅವನು ಕೂಡಿಸಲಿಲ್ಲ. ಹೆಣವನ್ನು ಎರಡೂ ತೋಳಿನಿಂದ ಬಿಗಿಯಾಗಿ ತಬ್ಬಿ ಹಿಡಿದು ನಿಂತೇ ಇದ್ದ.