ಸಣ್ಣ ಫೈಲಿನ ಜೋಳ

ಸಣ್ಣ ಫೈಲು ಎಂದರೆ ರಜನಿ ಮೂಗು ಮುರಿಯುತ್ತಿದ್ದಳು. ತಪ್ಪು ಆಕೆಯದಲ್ಲ, ಉದ್ಯೋಗದ್ದು. ಹುಬ್ಬಳ್ಳಿಯ ಫ್ಲೆಕ್ಸ್ ಪ್ರೆಸ್ಸೊಂದರಲ್ಲಿ ಆಕೆ ಡಿಸೈನರ್. ಫೋಟೋ ಮಾರುವ ವೆಬ್‌ಸೈಟ್ ತೆರೆದ ಕೂಡಲೇ ಬೆರಳು ತಾನಾಗಿಯೇ ಫಿಲ್ಟರಿಗೆ ಹೋಗಿ 'ದೊಡ್ಡ ಫೈಲು ಮಾತ್ರ' ಎಂದು ಒತ್ತುತ್ತಿತ್ತು. ರಾಯಾಪುರದ ಸೀರೆ ಅಂಗಡಿಯ ಹೋರ್ಡಿಂಗಿಗೆ ಸಣ್ಣ ಫೋಟೋ ಹಿಗ್ಗಿಸಿದರೆ ಹೆಣ್ಣುಮಗಳ ಮುಖ ಚೌಕಚೌಕವಾಗಿ ಒಡೆದು, ನೋಡಿದವರಿಗೆ ಸೀರೆಯೂ ಬೇಡ ಅನ್ನಿಸಿಬಿಡುತ್ತದೆ.

ಮನೆಯಲ್ಲಿ ಬೇರೆಯೇ ಪೇಚಾಟ. ಮಾವ ಸಿದ್ದಲಿಂಗಪ್ಪನವರಿಗೆ ಲಕ್ವಾ ಹೊಡೆದಿತ್ತು. ಕೈಕಾಲು ತಿರುಗಿ ಬಂದರೂ ಮಾತು ಬರಲಿಲ್ಲ. ಕಾಳಿನ ವ್ಯಾಪಾರದಲ್ಲಿ ದನಿಯನ್ನೇ ಬಂಡವಾಳ ಮಾಡಿಕೊಂಡಿದ್ದ ಮನುಷ್ಯ. ಮನೆಗೆ ಯಾರು ಬಂದರೂ ಪಡಸಾಲೆಯಿಂದ "ರಜನಿ, ಚಾ" ಎಂದು ಕೂಗುತ್ತಿದ್ದರು, ಆಕೆ ಒಳಗೆ ಸಿಟ್ಟಿನಿಂದ ಪಾತ್ರೆ ಕುಕ್ಕುತ್ತಿದ್ದಳು. ಈಗ ಆ ಕೂಗಿಲ್ಲದ ಮನೆ ಆಕೆಗೆ ಬಣಬಣ ಅನ್ನಿಸುತ್ತಿತ್ತು. ದಿನಾ ಚಿತ್ರ ತೋರಿಸಿ ಮಾತಾಡಿಸಿ ಎಂದು ಡಾಕ್ಟರು ಹೇಳಿದ್ದರು.

ಪ್ರೆಸ್ಸಿನ ಮಾಲಕ ಇಕ್ಬಾಲ ಕಾಕಾ, ಆಕೆ ಕೇಳುವ ಮೊದಲೇ, "ನಮ್ಮ ಅಕೌಂಟಿಂದನ ಫೋಟೋ ತಗೋವಾ. ಮಾವಾರಿಗಿಂತ ಹೋರ್ಡಿಂಗ್ ಹೆಚ್ಚಿಂದಲ್ಲ," ಅಂದಿದ್ದರು. ಆ ಋಣ ರಜನಿ ಮರೆಯುವವಳಲ್ಲ.

ಮನೆಯ ಹಳೆಯ ಟ್ಯಾಬಿನಲ್ಲಿ ಅಭ್ಯಾಸಬಲದಿಂದ ದೊಡ್ಡ ಫೈಲನ್ನೇ ಒತ್ತಿದಳು. ಚಕ್ರ ಗರಗರ ತಿರುಗಿ ಒಂದು ಸೇಬು ಮೂಡುವಷ್ಟರಲ್ಲಿ ಮಾವ ಗೋಡೆಗೆ ಮುಖ ತಿರುಗಿಸಿರುತ್ತಿದ್ದರು. ಕಡೆಗೊಂದು ದಿನ ಬೇಸತ್ತು ಫಿಲ್ಟರನ್ನು 'ಸಣ್ಣದು' ಮಾಡಿದಳು. ಮೊದಲ ಪುಟದಲ್ಲಿ ಮೆರೆಯುತ್ತಿದ್ದ ಪರದೇಶದ ಫಳಫಳ ಚಿತ್ರಗಳು ಮಾಯವಾಗಿ, ಆಕೆ ಎಂದೂ ಕಂಡಿರದವು ಮೇಲೆದ್ದವು. ಅವುಗಳಲ್ಲೊಂದು, ಗೋಣಿತಟ್ಟಿನ ಮೇಲೆ ಬಿಳಿಜೋಳದ ರಾಶಿ. ಅದರೊಳಗೆ ಯಾರದೋ ಕೈ.

ಮಾವ ಟ್ಯಾಬನ್ನು ತೊಡೆಯ ಮೇಲೆಳೆದುಕೊಂಡು ಗಾಜನ್ನು ಬೆರಳಿನಿಂದ ಕೆದಕಿದರು. ತುಟಿ ಬಹಳ ಹೊತ್ತು ಒದ್ದಾಡಿತು.

"ಹಸಿ," ಅಂದರು. "ಹಸಿ ಐತಿ."

ಇಷ್ಟು ತಿಂಗಳು ಮೂಕನಾಗಿದ್ದ ಮನುಷ್ಯ, ಬಾಯಿ ಬಿಟ್ಟ ಕೂಡಲೇ ಕಾಳು ಒಣಗಿಲ್ಲವೆಂದು ರೇಟು ಇಳಿಸಲು ನೋಡಿದ್ದರು. ರಜನಿ ನಗುನಗುತ್ತಲೇ ಅತ್ತಳು.

ಚಿತ್ರದ ಕೆಳಗೆ 'ಕಪಿಲ, ಗಬ್ಬೂರ' ಎಂದಿತ್ತು. ಮಾವನ ಸಂಗತಿ ತಿಳಿಸಿ, ಉಪಕಾರ ಸ್ಮರಿಸಿ, ಆಕೆ ತನ್ನ ನಂಬರಿನ ಸಮೇತ ಸೈಟಿನಲ್ಲೇ ಆತನಿಗೆ ಬರೆದಳು. ಮರುದಿನ ಆತನೇ ಫೋನು ಮಾಡಿದ. ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಫೋಟೋ ಹುಚ್ಚಿನವನು.

"ಅಕ್ಕಾರ, ನಿಮ್ಮನ್ನ ಬಿಟ್ರ ನನ್ನ ಫೋಟೋ ಯಾರೂ ತಗೊಳ್ಳೂದಿಲ್ರಿ. ಬಿಟ್ಟಬಿಡೂಣು ಅನ್ನಾಕತ್ತಿದ್ದೆ."

"ಫೋನಿಂದ ಕಂಪ್ಯೂಟರಿಗೆ ಹೆಂಗ ಹಾಕ್ತೀರಿ?"

"ವಾಟ್ಸಾಪ್ ಮಾಡ್ಕೋತೇನ್ರಿ."

ರಜನಿಗೆ ರೋಗ ತಿಳಿಯಿತು. "ಅಲ್ಲೇ ಕುಗ್ಗಿ ಸಣ್ಣವು ಆಗ್ತಾವ್ರಿ. ತಗೊಳ್ಳಾವ್ರೆಲ್ಲಾ ದೊಡ್ಡ ಫೈಲಷ್ಟಽ ಹುಡುಕ್ತಾರ. ನಾನೂ ಆಫೀಸಿನ್ಯಾಗ ಹಂಗಽ ಮಾಡಾಕಿ, ನಿಮ್ಮ ಫೋಟೋ ಕಂಡಽ ಇದ್ದಿಲ್ಲ. ಕೇಬಲ್ ಹಚ್ಚಿ ಹಾಕ್ರಿ."

ಹೇಳಿಬಿಟ್ಟಳು, ಒಳಗೊಳಗೇ ಕಸಿವಿಸಿಯಾಯಿತು. ಎಲ್ಲವೂ ದೊಡ್ಡವಾದರೆ ಮಾವನ ಟ್ಯಾಬಿನಲ್ಲಿ ತೆರೆಯುವುದು ಹೇಗೆ? ಆ ಪೇಚನ್ನೂ ಕಪಿಲನಿಗೆ ಹೇಳಿದಳು.

"ಮಾವಾರಿಗೆ ಸಣ್ಣವು ನಾನಽ ಕಳಸ್ತೇನ್ರಿ. ವಾಟ್ಸಾಪಿನ್ಯಾಗ."

ಅಂದಿನಿಂದ ಬೆಳಗಾದರೆ ತಕ್ಕಡಿ, ಮೆಣಸಿನಕಾಯಿ ಚೀಲ, ಹತ್ತಿ ತುರುಕಿದ ಅಂಡಿಗೆಗಳ ಚಿತ್ರಗಳು ಬಂದು ಬೀಳತೊಡಗಿದವು. ಮಾವ ಒಂದೊಂದನ್ನೇ ಹೆಸರಿಸಿದರು. ಮನುಷ್ಯರ ಹೆಸರು ಮಾತ್ರ ನಾಲಿಗೆಗೆ ಬರಲಿಲ್ಲ. ಸೊಸೆ ಎದುರಿಗೆ ನಿಂತರೆ ಕಣ್ಣು ತುಂಬಿಕೊಂಡು ಟ್ಯಾಬಿನತ್ತ ಮುಖ ತಿರುಗಿಸುತ್ತಿದ್ದರು.

ತನ್ನ ಮೊದಲ ದೊಡ್ಡ ಫೋಟೋ ಮಾರಾಟವಾದ ವಾರ ಕಪಿಲ ಮನೆಗೇ ಬಂದ. ಕರ್ಚೀಫಿನಲ್ಲಿ ಒಂದು ಹಿಡಿ ಜೋಳ ಕಟ್ಟಿಕೊಂಡು ತಂದಿದ್ದ.

"ಅಜ್ಜಾರ, ಆ ಫೋಟೋದಾಗಿನ ರಾಶೀದು. ಖರೇನ, ಆವತ್ತು ಹಸೀನ ಇತ್ತು."

ಮಾವ ಒಂದು ಕಾಳನ್ನು ಬಾಯಿಗಿಟ್ಟು ಕಟುಮ್ಮನೆ ಕಡಿದರು. "ಒಣಗೈತಿ," ಅಂದರು. ಕಪಿಲನಿಗೆ ಕುರ್ಚಿ ತೋರಿಸಿದರು. ಆಮೇಲೆ ಒಳಕ್ಕೆ ತಿರುಗಿ, ಹಳೆಯ ದನಿಯನ್ನು ಎಲ್ಲಿಂದಲೋ ಎಳೆದು ತಂದವರಂತೆ ಕೂಗಿದರು.

"ರಜನಿ, ಚಾ."

ಅಡಿಗೆಮನೆಯಲ್ಲಿ ರಜನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾವನಿಗೆ ಕೇಳಲೆಂದು, ಪಾತ್ರೆಯನ್ನು ಮೊದಲಿನಂತೆಯೇ ಕುಕ್ಕಿ ಒಲೆಯ ಮೇಲಿಟ್ಟಳು.