ಒಂದೇ ಪ್ರತಿಯ ಪತ್ರಿಕೆ

ನಾನು ಒಂದು ಪರ್ಸಿ ಕಲ್ಲು. ನೀವು ಅಡುಗೆಮನೆಯ ನೆಲಕ್ಕೆ, ಬಚ್ಚಲಿಗೆ, ಮೆಟ್ಟಿಲಿಗೆ ಹಾಸುತ್ತೀರಲ್ಲ, ಅದೇ ಜಾತಿಯವನು. ಆದರೆ ಇದುವರೆಗೆ ನನ್ನ ಮೇಲೆ ಯಾರೂ ಕಾಲಿಟ್ಟಿಲ್ಲ. ಇಡುತ್ತೇನೆಂದು ತೊಡೆ ತಟ್ಟಿದವರು ಒಬ್ಬರಿದ್ದರು. ಅವರ ವಿಷಯವನ್ನೂ ಹೇಳುತ್ತೇನೆ, ಮುಚ್ಚಿಡುವ ಅಭ್ಯಾಸ ನನಗಿಲ್ಲ.

ಹುಟ್ಟಿದ್ದು ಕಲಬುರಗಿ ಕಡೆಯ ಬೆಣಚಿನಾಳದ ಕಲ್ಲಿನ ಖಣಿಯಲ್ಲಿ. ನೆಲದಡಿ ನಾವು ಒಂದರ ಮೇಲೊಂದು ರೊಟ್ಟಿ ಒಟ್ಟಿದ ಹಾಗೆ ಮಲಗಿರುತ್ತೇವೆ. ಮಹಿಬೂಬಸಾಬ ಎಂಬ ಕಲ್ಲುಕೆಲಸದವನು ಹಾರೆ ಹಾಕಿ ನನ್ನನ್ನು ಎಬ್ಬಿಸಿದ. ನಾಲ್ಕಡಿ ಉದ್ದ, ಮೂರಡಿ ಅಗಲ, ಕರಿನೀಲಿ ಬಣ್ಣ. ಊನವೆಂದರೆ ಒಂದೇ. ಬಲಗಡೆಯ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿದಂತೆ ಒಂದು ಕೆಂಪು ಗೆರೆ ಹುಟ್ಟಿನಿಂದಲೇ ಬಂದಿತ್ತು.

ಕೊಳ್ಳಲು ಬಂದ ವ್ಯಾಪಾರಿ ಅದನ್ನು ನೋಡಿ ಮುಖ ಸಿಂಡರಿಸಿದ. "ಇದು ನಡಿಯಂಗಿಲ್ಲ, ಕಡೀಗಿ ಒಗೀರಿ" ಎಂದ.

"ಗೆರಿ ಇದ್ರೇನಾತು ಸಾವಕಾರ್ರ, ಕಲ್ಲು ಗಟ್ಟಿ ಅದ" ಎಂದ ಮಹಿಬೂಬಸಾಬ. ವ್ಯಾಪಾರಿ ಕೇಳಲಿಲ್ಲ. ನಾನು ಮಾತ್ರ ಆ ಮಾತನ್ನು ಇವತ್ತಿಗೂ ಮರೆತಿಲ್ಲ.

ಬಿಸಾಡಿದ ಕಲ್ಲುಗಳ ರಾಶಿಯಿಂದ ನನ್ನನ್ನು ಹೊತ್ತು ತಂದವನು ಚಂದಪ್ಪ. ಅವನೂ ಖಣಿಯ ಕೂಲಿ. ಅವನ ಹೆಂಡತಿ ಗುರುಬಾಯಿ ಕಲ್ಲಿಗೆ ಪಾಲಿಶ್ ಹಾಕುವ ಶೆಡ್ಡಿಗೆ ಹೋಗುತ್ತಿದ್ದಳು. ಮನೆಯ ಹಿಂದೆ ನಾನು ಬಟ್ಟೆ ಒಗೆಯುವ ಕಲ್ಲಾದೆ. ಎರಡು ವರ್ಷ ಸಾಬೂನು ಕುಡಿದೆ, ಸೀರೆ ಪಂಚೆಗಳ ಏಟು ತಿಂದೆ. ತಿಂದಷ್ಟೂ ನುಣುಪಾದೆ.

ಬೆಣಚಿನಾಳದಲ್ಲಿ ಖಣಿಯಲ್ಲದೆ ಒಂದು ಜಲ್ಲಿ ಕ್ರಷರ್ ಕೂಡ ಇತ್ತು. ಮಾಲೀಕರು ಪಂಚಾಯಿತಿ ಅಧ್ಯಕ್ಷರಾದ ರೇವಣಸಿದ್ದಪ್ಪನವರು. ಬಂಡೆ ಸಿಡಿಸುವ ಮುಂಚೆ ಸೈರನ್ ಕೂಗಿಸಬೇಕೆಂಬುದು ನಿಯಮ. ಆದರೆ ಅವರ ಸೈರನ್ನಿಗೆ ವರ್ಷವಿಡೀ ಗಂಟಲು ನೋವು. ಒಂದು ಬೆಳಿಗ್ಗೆ ಚಂದಪ್ಪ ಆ ದಾರಿಯಲ್ಲಿ ಹೋಗುವಾಗ ಸೈರನ್ ಕೂಗದೆಯೇ ಬಂಡೆ ಸಿಡಿಯಿತು. ಹಾರಿ ಬಂದ ಚೂರು ಅವನ ಎಡಗಣ್ಣನ್ನು ಒಯ್ದಿತು.

ಆಸ್ಪತ್ರೆಯಿಂದ ಮರಳಿದ ದಿನ ಗುರುಬಾಯಿ ನನ್ನೆದುರು ಬಟ್ಟೆಯ ಗಂಟು ಹಿಡಿದು ನಿಂತಳು, ಒಗೆಯಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ನಾಲ್ವರನ್ನು ಕರೆದು ನನ್ನನ್ನು ನೀರಿನ ಟಾಕಿಯ ಪಕ್ಕಕ್ಕೆ ಒಯ್ಯಿಸಿ ನೆಟ್ಟಗೆ ನಿಲ್ಲಿಸಿದಳು. ಏಳನೆಯ ಇಯತ್ತೆ ಓದಿದ ಕೈಯಿಂದ ಸೀಮೆಸುಣ್ಣದಲ್ಲಿ ಬರೆದಳು: "ಇವತ್ತ ಕ್ರಷರಿನಾಗ ಬಂಡಿ ಸಿಡಸೋದು ಹನ್ನೊಂದಕ್ಕ. ಆ ಕಡಿ ಹೋಗಬ್ಯಾಡ್ರಿ." ಅದೇ ನನ್ನ ಮೊದಲ ಸಂಚಿಕೆ.

ದಿನಾ ಬೆಳಿಗ್ಗೆ ಕ್ರಷರಿನ ಮೇಸ್ತ್ರಿಯಾದ ಮುಕಾದಮನನ್ನು ಕೇಳಿ ಬಂದು ಗುರುಬಾಯಿ ವೇಳೆ ಬರೆಯುತ್ತಿದ್ದಳು. ಕೊಡ ತುಂಬುವವರೆಲ್ಲ ನನ್ನ ಓದುಗರು. ಓದಲು ಬಾರದವರಿಗೆ ಬಂದವರು ಓದಿ ಹೇಳುತ್ತಿದ್ದರು. ಬರಬರುತ್ತಾ ಪಡಿತರ ಬಂದದ್ದು, ನರ್ಸ್ ಬಾರದಿದ್ದದ್ದು, ಕೂಲಿ ಏರಿಸಿ ಎಂದು ಕೇಳಿದ್ದು, ಎಲ್ಲವೂ ನನ್ನ ಮೈಮೇಲೆ ಬಂತು. ದೊಡ್ಡ ಪತ್ರಿಕೆಗಳಲ್ಲಿ ಬೆಣಚಿನಾಳದ ಹೆಸರು ಬರಬೇಕಾದರೆ ಇಲ್ಲಿ ಯಾರಾದರೂ ಸಾಯಬೇಕಿತ್ತು. ನನ್ನಲ್ಲಿ ಬದುಕಿದ್ದವರ ಸುದ್ದಿಯೂ ಬರುತ್ತಿತ್ತು.

ಒಮ್ಮೆ ಚಹಾದಂಗಡಿಯ ಹುಸೇನಬಿ ಹಾಲಿಗೆ ನೀರು ಹೆಚ್ಚು ಹಾಕುತ್ತಾಳೆಂದು ಗುರುಬಾಯಿ ಬರೆದುಬಿಟ್ಟಳು. ಹುಸೇನಬಿ ಲಟ್ಟಣಿಗೆ ಹಿಡಿದೇ ಬಂದಳು. "ನಿನ್ನ ಮಾತು ನೀ ಬರ್ದಿ. ನನ್ನ ಮಾತು ನಾ ಎಲ್ಲಿ ಬರೀಲಿ?"

ಗುರುಬಾಯಿ ನನ್ನತ್ತ ತಿರುಗಿದಳು. ಕೆಂಪು ಗೆರೆಯ ಆಚೆಗಿನ ಮೂಲೆಯನ್ನು ಸೆರಗಿನಿಂದ ಒರೆಸಿದಳು. "ಇಲ್ಲಿ ಬರಿ ಅಕ್ಕಾ. ಇದು ಜವಾಬಿನ ಮೂಲಿ."

ಹುಸೇನಬಿಗೆ ಅಕ್ಷರ ಬಾರದು. ಆಕೆ ಹೇಳಿದಳು, ಗುರುಬಾಯಿ ಒಂದಕ್ಷರ ಬಿಡದೆ ಬರೆದಳು: "ಗುರುಬಾಯಿ ಮನ್ಯಾಗ ಎಮ್ಮಿನೇ ಇಲ್ಲ. ಆಕಿಗಿ ಹಾಲಿನ ರುಚಿ ಏನು ಗೊತ್ತು?" ಊರೆಲ್ಲ ಓದಿ ನಕ್ಕಿತು. ಮರುದಿನದಿಂದ ಚಹಾ ಗಟ್ಟಿಯಾಯಿತು ಅನ್ನುತ್ತಾರೆ, ನಾನು ಕುಡಿದು ನೋಡಿಲ್ಲ. ಅಂದಿನಿಂದ ಅದೇ ಕಟ್ಟಳೆ. ಯಾರ ಮೇಲೆ ಬರೆದರೋ ಆ ಮೂಲೆ ಅವರಿಗೆ. ಅವರು ಬರುವವರೆಗೆ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ವ್ಯಾಪಾರಿ ಊನವೆಂದು ಹಳಿದ ಗೆರೆ ಇದೇ ನೋಡಿ.

ಸಣ್ಣ ಪತ್ರಿಕೆ, ಊರಿನ ರೇಡಿಯೋ, ಗೋಡೆ ಪತ್ರಿಕೆಗಳಿಗೆ ಸರ್ಕಾರದಿಂದ ಸಹಾಯಧನ ಕೊಡುವ ಯೋಜನೆ ಬಂದಾಗ ಗುರುಬಾಯಿಯೂ ಅರ್ಜಿ ಹಾಕಿದಳು. ಮಂಜೂರಾಯಿತು. ನನ್ನ ತಲೆಯ ಮೇಲೆ ತಗಡು ಬಂತು, ಸೀಮೆಸುಣ್ಣದ ಪೆಟ್ಟಿಗೆ ಬಂತು, ಗುರುಬಾಯಿಗೆ ಗೌರವಧನ ಬಂತು. ಆಕೆ ಅರ್ಧ ದಿನ ಶೆಡ್ಡು ಬಿಟ್ಟು ಸುದ್ದಿಗೆ ತಿರುಗತೊಡಗಿದಳು. ಸುದ್ದಿ ತರಲು ಕಾಲು ಬೇಕು, ಕಾಲಿಗೆ ಕೂಲಿ ಬೇಕು. ತಾಂಡಾದ ಸೋಮಲಿಬಾಯಿ ಲಂಬಾಣಿಯಲ್ಲಿ ಹೇಳಿದ್ದು ಕನ್ನಡ ಅಕ್ಷರದಲ್ಲಿ ನನ್ನ ಮೇಲೆ ಮೂಡಿದ್ದು ಆಗಲೇ. ಅದನ್ನು ನೋಡಲು ತಾಂಡಾದಿಂದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು.

ಆದರೆ ಆ ಹಣ ಪಂಚಾಯಿತಿಯ ಕೈ ದಾಟಿ ಬರಬೇಕಿತ್ತು. ತೊಡಕು ಇದ್ದದ್ದು ಅಲ್ಲಿ.

ಒಂದು ದಿನ ಹನ್ನೊಂದಕ್ಕೆ ಎಂದು ಮುಕಾದಮ ಹೇಳಿದ್ದ ಬಂಡೆ ಒಂಬತ್ತೂವರೆಗೇ ಸಿಡಿಯಿತು. ಆಗ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿದ್ದರು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಗುರುಬಾಯಿ ಅದನ್ನು ದೊಡ್ಡಕ್ಷರದಲ್ಲಿ ಬರೆದಳು. ಕೊನೆಗೆ, "ಮಾಲೀಕರಾದ ಅಧ್ಯಕ್ಷರು ಜವಾಬು ಕೊಡಬೇಕು" ಎಂದು ಸೇರಿಸಿ ಮೂಲೆಯನ್ನು ಒರೆಸಿಟ್ಟಳು.

ಅಧ್ಯಕ್ಷರು ಬಂದರು. ಕೈಯಲ್ಲಿ ಸೀಮೆಸುಣ್ಣ ಇರಲಿಲ್ಲ. ಜೊತೆಗೆ ಎಣ್ಣೆಬಣ್ಣದ ಡಬ್ಬಿ ಹಿಡಿದ ಪೇಂಟರ್ ಇದ್ದ.

"ಮ್ಯಾಲಿನಿಂದ ತೆಳಗಿನ ತನಕ 'ಪಂಚಾಯತಿ ಕೃಪೆ' ಅಂತ ಬರಿ. ಉಳದ ಜಾಗಾದಾಗ ಈಕಿ ಏನರ ಒಳ್ಳೇದು ಬರ್ಕೋಲಿ" ಎಂದರು. ಗುರುಬಾಯಿಯತ್ತ ತಿರುಗಿ, "ನಮ್ಮ ಅನ್ನ ತಿಂದು ನಮಗೇ ಬೈತೀ?" ಎಂದರು.

ಗುರುಬಾಯಿ ನನಗೆ ಬೆನ್ನು ಕೊಟ್ಟು ನಿಂತಳು. "ನಿಮ್ಮ ಅನ್ನ ಅಲ್ರಿ ಅಣ್ಣಾರ. ನಾ ತಗೊಳ್ಳೋ ಸಾಬಾನದ ಮ್ಯಾಲ ಟ್ಯಾಕ್ಸ್ ಅದ, ಮಹಿಬೂಬಕಾಕಾನ ಚಪ್ಪಲ್ ಮ್ಯಾಲ ಅದ. ಅದೇ ತಿರಗಿ ಬಂದದ. ನಮ್ಮ ರೊಕ್ಕ ನಮಗ ಕೊಟ್ಟು ನಮ್ಮ ಬಾಯಿ ಹೊಲೀತೀರೇನು? ನಿಮ್ಮ ಮಾತು ಇದ್ರ ಮೂಲ್ಯಾಗ ಬರೀರಿ. ಸುಣ್ಣದಾಗ ಬರೀರಿ. ಬಣ್ಣ ಹಚ್ಚಿದ್ರ ನಾಳಿ ಮಂದಿ ಎಲ್ಲಿ ಬರೀಬೇಕು?"

ಅಷ್ಟರಲ್ಲಿ ಕೊಡ ಹಿಡಿದ ಹೆಂಗಸರು ಸುತ್ತುಗಟ್ಟಿದ್ದರು. ಹುಸೇನಬಿಯ ಕೈಯಲ್ಲಿ ಅದೇ ಲಟ್ಟಣಿಗೆ. ಪೇಂಟರ್ ಡಬ್ಬಿಯ ಮುಚ್ಚಳ ಮುಚ್ಚಿದ.

"ಈ ಕಲ್ಲು ಪಂಚಾಯತಿ ಮೆಟ್ಟಲಕ್ಕ ಹಾಕಸ್ತೀನಿ, ನೋಡ್ತಿರು" ಎಂದು ಅಧ್ಯಕ್ಷರು ಹೊರಟರು.

ತಿಂಗಳೊಳಗೆ ಸಹಾಯಧನ ನಿಂತಿತು. ಇದು ಪತ್ರಿಕೆಯೇ ಅಲ್ಲ, ಬಟ್ಟೆ ಒಗೆಯುವ ಕಲ್ಲು ಎಂದು ಪಂಚಾಯಿತಿ ಬರೆದು ಕಳಿಸಿತ್ತು. ಗುರುಬಾಯಿ ಮತ್ತೆ ಪೂರ್ತಿ ದಿನ ಶೆಡ್ಡಿಗೆ ಹೋಗಬೇಕಾಯಿತು. ಈ ಸಲ ಪಾಳಿ ನಸುಕಿಗೇ ಶುರು, ಬೆಳಿಗ್ಗೆ ಮುಕಾದಮನನ್ನು ಕೇಳಲು ಹೊತ್ತಿಲ್ಲ. ಸಿಡಿಮದ್ದಿನ ವೇಳೆ ಬರೆಯುವವರಿಲ್ಲದೆ ನಾನು ಐದು ದಿನ ಬರಿಮೈಯಲ್ಲಿ ನಿಂತೆ. ಒಂದೊಂದು ಸ್ಫೋಟ ಕೇಳಿದಾಗಲೂ ದಾರಿಯಲ್ಲಿ ಯಾರಿದ್ದಾರೋ ಎಂದು ನನ್ನ ಜೀವ ಹಾರುತ್ತಿತ್ತು. ಕಲ್ಲಿಗೆ ಜೀವವೇ ಎನ್ನಬೇಡಿ. ಆ ಐದು ದಿನ ಇತ್ತು.

ಆರನೆಯ ದಿನ ಜಿಲ್ಲಾ ಕಚೇರಿಯಿಂದ ಕಾಗದ ಬಂತು. ಸಹಾಯಧನ ಮುಂದುವರಿಯಬೇಕಾದರೆ ವಿಚಾರಣೆಗೆ ಬರಬೇಕು, "ಪತ್ರಿಕೆಯ ಪ್ರತಿಯನ್ನು ಲಗತ್ತಿಸಬೇಕು, ಲಗತ್ತುಗಳನ್ನು ಹಿಂತಿರುಗಿಸಲಾಗುವುದಿಲ್ಲ."

"ಫೋಟೋ ತೆಗಸೂಣು" ಎಂದ ಚಂದಪ್ಪ.

"ಫೋಟೋ ಕೇಳಿಲ್ಲ. ಪ್ರತಿ ಕೇಳ್ಯಾರ" ಎಂದಳು ಗುರುಬಾಯಿ.

ಅಧ್ಯಕ್ಷರಿಗೆ ಕೇಳಿದ ಪ್ರಶ್ನೆಯನ್ನು ಮತ್ತೆ ನನ್ನ ಮೇಲೆ ಬರೆದಳು. ಅಕ್ಷರ ಅಳಿಯದಂತೆ ಕೌದಿ ಹೊದಿಸಿದರು. ಮಹಿಬೂಬಸಾಬ ಟ್ರ್ಯಾಕ್ಟರ್ ತಂದ. ಹುಟ್ಟಿದಂದಿನಿಂದ ಊರು ಬಿಡದ ನಾನು ಟ್ರಾಲಿಯಲ್ಲಿ ಮಲಗಿ ಜಿಲ್ಲಾ ಕಚೇರಿಗೆ ಹೋದೆ!

ನಾಲ್ವರು ಹೊತ್ತು ಒಳಗೆ ತಂದಾಗ ಗುಮಾಸ್ತ ಕುರ್ಚಿಯಿಂದ ಎದ್ದೇಬಿಟ್ಟ. "ಏನಿದು? ಲಗತ್ತು ಅಂದ್ರ ಅರ್ಜಿಗಿ ಹಚ್ಚೋದು!"

"ಟಾಚಣಿ ಪಿನ್ನು ತರ್ರಿ, ಹಚ್ಚೂಣು" ಎಂದಳು ಗುರುಬಾಯಿ.

ಅಧಿಕಾರಿ ಮೇಡಂ ನಗು ತಡೆದುಕೊಂಡು ಕೇಳಿದರು. "ಪ್ರಸಾರ ಎಷ್ಟಮ್ಮಾ?"

"ಒಂದ್ರಿ."

"ಒಂದು ಸಾವಿರವೇ?"

"ಒಂದೇ ಪ್ರತಿರಿ. ಓದೋರು ಮುನ್ನೂರು ಮನಿಯವರು."

ಮೇಡಂ ಬಗ್ಗಿ ನನ್ನನ್ನು ಪೂರ್ತಿ ಓದಿದರು. ಖಾಲಿ ಮೂಲೆಗೆ ಬೆರಳಿಟ್ಟು, "ಇಲ್ಲಿ ಯಾಕೆ ಏನೂ ಇಲ್ಲ?" ಎಂದರು.

"ಅದು ಅಧ್ಯಕ್ಷರ ಜಾಗರಿ. ಅವರು ಜವಾಬು ಬರ್ದೇ ಇಲ್ಲ. ನಾವು ತುಂಬಂಗಿಲ್ಲ."

ಮೇಡಂ ಮುಖದ ನಗು ಹೋಯಿತು. ಕಡತ ತೆರೆದು ಬರೆದರು: ಇದು ಪತ್ರಿಕೆ. ಸಹಾಯಧನ ನೇರವಾಗಿ ಬರೆಯುವವರಿಗೇ ಹೋಗಬೇಕು. ಏನು ಬರೆಯಬೇಕೆಂದು ಕೊಡುವವರು ಹೇಳುವಂತಿಲ್ಲ.

ಅಧ್ಯಕ್ಷರು ಜವಾಬು ಬರೆಯಲಿಲ್ಲ. ಆದರೆ ಆ ವಾರದಿಂದ ಕ್ರಷರಿನ ಸೈರನ್ನಿಗೆ ಗಂಟಲು ಬಂತಂತೆ. ಟಾಕಿಯ ಪಕ್ಕದಲ್ಲಿ ಈಗ ಬೇರೊಂದು ಪರ್ಸಿ ನಿಂತಿದೆ. ಅದರ ಮೂಲೆಗೆ ಮಹಿಬೂಬಸಾಬ ಉಳಿಯಿಂದ ಗೆರೆ ಕೊರೆದಿದ್ದಾನೆ.

ನಾನು ಲಗತ್ತು, ಹಿಂತಿರುಗಿಸುವಂತಿಲ್ಲ. ವರ್ಷ ಹತ್ತಾಯಿತು, ಕಚೇರಿಯ ಪಡಸಾಲೆಯ ಗೋಡೆಗೆ ಒರಗಿದ್ದೇನೆ. ಮೇಡಂ ವರ್ಗವಾಗಿ ಹೋದರು. ನನ್ನ ಒಂದು ಅಂಚು ಮುಕ್ಕಾಗಿದೆ. ಸಣ್ಣ ಪತ್ರಿಕೆಯವರು, ಊರಿನ ರೇಡಿಯೋದವರು ಅರ್ಜಿ ಹಿಡಿದು ಬಂದು ನನ್ನ ಪಕ್ಕದಲ್ಲೇ ಕಾಯುತ್ತಾರೆ. ಮೊನ್ನೆ ಗುರುಬಾಯಿಯೂ ಬಂದಿದ್ದಳು, ಕೂದಲು ನೆರೆತಿದೆ. ಈ ವರ್ಷ ಯಾರಿಗೂ ಸಹಾಯಧನ ಬಂದಿಲ್ಲ, ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಆಕೆ ಸೆರಗಿನಿಂದ ನನ್ನ ಧೂಳು ಒರೆಸಿದಳು. "ಹ್ಯಾಂಗಿದ್ದಿಯೋ?" ಎಂದು ಮೆಲ್ಲಗೆ ಕೇಳಿದಳು. ಆ ಮಾತಿಗೆ ನಾನು ಕರಗಿಹೋದೆ. ಆಮೇಲೆ ಸಂಚಿಯಿಂದ ಸೀಮೆಸುಣ್ಣ ತೆಗೆದು ಬರೆದಳು: "ಸಣ್ಣವರ ರೊಕ್ಕ ಯಾಕ ನಿಂತದ? ಸರ್ಕಾರ ಜವಾಬು ಕೊಡಬೇಕು."

ಗುಮಾಸ್ತ ಎರಡು ಸಲ ಒರೆಸಿದ. ಕಾಯುತ್ತಿದ್ದವರು ಎರಡು ಸಲವೂ ಮತ್ತೆ ಬರೆದರು. ಮೂರನೆಯ ಸಲ ಅವನು ಬಟ್ಟೆ ಒಳಗಿಟ್ಟ.

ಗೆರೆಯ ಆಚೆ ಜಾಗ ಖಾಲಿ ಇದೆ. ಸುಣ್ಣದ ಕಡ್ಡಿಯನ್ನು ಗುರುಬಾಯಿ ನನ್ನ ನೆತ್ತಿಯ ಮೇಲೇ ಇಟ್ಟು ಹೋಗಿದ್ದಾಳೆ. ನಾನು ಕಲ್ಲು, ಕಾಯುವುದು ನನಗೆ ಕಷ್ಟವಲ್ಲ. ಸರ್ಕಾರದವರೇ, ಬಂದು ಬರೆಯಿರಿ.